ಮಾಸ್ತರನ ಬುತ್ತಿ

ಬೆಂಗೇರಿಯ ಕೈಮಗ್ಗದ ಶೆಡ್ಡಿನಲ್ಲಿ ಮಧ್ಯಾಹ್ನದ ಊಟವೆಂದರೆ ಗುರುಶಿದ್ದಪ್ಪನಿಗೆ ಹಬ್ಬ. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ತಾನೇ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಬರುವ ಆ ಮನುಷ್ಯ ಇಡೀ ದಿನದಲ್ಲಿ ನಾಲ್ಕು ಜನರ ನಡುವೆ ಕೂತು ಉಣ್ಣುತ್ತಿದ್ದದ್ದು ಅದೊಂದೇ ಹೊತ್ತು. ಶೆಡ್ಡಿನ ಉಸ್ತುವಾರಿ ಅವನದು, ಹಾಗಾಗಿ ಎಲ್ಲರಿಗೂ ಅವನು ಮಾಸ್ತರ. ನೇಕಾರರ ಪಂಕ್ತಿಯಲ್ಲಿ ಮಾತ್ರ ಬರೇ ಗುರುಶಿದ್ದ. ಚಿಕ್ಕಂದಿನ ಗೆಳೆಯ ಗೋವಿಂದಪ್ಪ ತನ್ನ ಡಬ್ಬಿಯ ಕೆಂಪು ಮೆಣಸಿನಕಾಯಿಯ ರಂಜಕವನ್ನು ಮೊದಲು ಅವನ ರೊಟ್ಟಿಗೇ ಹಚ್ಚುತ್ತಿದ್ದ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದರೆ ಎಲ್ಲರಿಗೂ ನಗು.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಆ ಹಬ್ಬ ಮುಗಿಯಿತು. ಮುಗಿಸಿದವನೂ ಅವನೇ.

ಹೆಂಗಸರು ಕಂಡಿಕೆಗೆ ನೂಲು ಸುತ್ತಬೇಕು, ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಬೇಕು. ಇದು ನೇಕಾರರ ರೀತಿ. ಹೆಣ್ಣಿನ ಕಾಲು ಕುಣಿಗಿಳಿದರೆ ದಾರಿದ್ರ್ಯ ಬರುತ್ತದೆ ಎನ್ನುತ್ತಿದ್ದರು. ದಾರಿದ್ರ್ಯವಂತೂ ಯಾರ ಕಾಲಿಗೂ ಕಾಯದೆ ಅವರೆಲ್ಲರ ಮನೆಯಲ್ಲಿ ಆಗಲೇ ಚಾಪೆ ಹಾಸಿ ಮಲಗಿತ್ತು.

ಗುರುಶಿದ್ದಪ್ಪನ ಅಪ್ಪ ಹಾಸಿಗೆ ಹಿಡಿದ ವರ್ಷ ಬಾಗಿಲಿಗೆ ಅಗುಳಿ ಹಾಕಿಕೊಂಡು ನೇಯ್ದು ಮನೆ ನಡೆಸಿದವಳು ಅವನ ಅವ್ವ. ಸೀರೆ ಕೊಂಡವರು ಬಂದು ಅಪ್ಪನ ಕೈಗುಣವನ್ನು ಹೊಗಳುತ್ತಿದ್ದರೆ ಅವಳು ಮೂಲೆಯಲ್ಲಿ ತಲೆ ತಗ್ಗಿಸಿ ಕಂಡಿಕೆ ಸುತ್ತುತ್ತಿದ್ದಳು. ಆ ತಗ್ಗಿದ ತಲೆ ಅವನನ್ನು ಬಿಡಲೇ ಇಲ್ಲ. ತನ್ನ ಕೈಗೊಂದು ಶೆಡ್ಡು ಬಂದರೆ ಅಲ್ಲಿ ಹೆಣ್ಣುಮಕ್ಕಳು ಬಾಗಿಲು ತೆರೆದಿಟ್ಟು ನೇಯಬೇಕು ಎಂದುಕೊಂಡಿದ್ದ.

ಸುಳ್ಳ ಎಂಬ ಹಳ್ಳಿಯಿಂದ ನಡೆದು ಬರುತ್ತಿದ್ದ ಅಕ್ಕವ್ವ ಗಂಡ ಸತ್ತವಳು, ಕಂಡಿಕೆ ಸುತ್ತುತ್ತಲೇ ಮಗ್ಗದ ಕೆಲಸ ನೋಡಿ ಕಲಿತವಳು. ಖಾಲಿ ಬಿದ್ದಿದ್ದ ಮಗ್ಗಕ್ಕೆ ಗುರುಶಿದ್ದಪ್ಪ ಅವಳನ್ನು ಕೂಡಿಸಿದ. ಅಂದು ಮಧ್ಯಾಹ್ನ ಗೋವಿಂದಪ್ಪ ಡಬ್ಬಿ ತೆರೆಯಲಿಲ್ಲ.

"ಆಕಿನ್ನ ಎಬ್ಬಿಸು ಗುರುಶಿದ್ದಾ. ಇಲ್ಲಂದ್ರ ನಾವು ನಿನ್ನ ಕೂಡ ಉಣ್ಣೂದಿಲ್ಲ."

"ಆಕಿ ಏಳೂದಿಲ್ಲೋ ಗೋವಿಂದಾ. ಏಳೂದಾದ್ರ ನೀವ ಏಳ್ರಿ."

ಅವರು ಎದ್ದೇಬಿಟ್ಟರು. ಬುತ್ತಿಗಳನ್ನು ಬಗಲಿಗಿಟ್ಟುಕೊಂಡು ಶೆಡ್ಡಿನ ಇನ್ನೊಂದು ತುದಿಗೆ ಹೋದರು. ಹೆಂಗಸರು ಹಿತ್ತಲಲ್ಲಿ ಉಣ್ಣುತ್ತಿದ್ದರು, ಅಲ್ಲಿಗೆ ಇವನು ಹೋಗುವಂತಿರಲಿಲ್ಲ. ಊಟ ತನ್ನಿಚ್ಛೆ ಎನ್ನುತ್ತಾರೆ. ಗೋಡೆಗೆ ಮುಖ ಮಾಡಿ ಒಬ್ಬನೇ ರೊಟ್ಟಿ ಮುರಿಯುವವನನ್ನು ಕೇಳಬೇಕು ಆ ಮಾತು. ಕೆಲಸದ ಮಾತಿಗೆ ಎಲ್ಲರೂ ಹೂಂಗುಡುತ್ತಿದ್ದರು, ಊಟದ ಹೊತ್ತಿಗೆ ಯಾರೂ ಇಲ್ಲ. ನಗು ಕೇಳಿಬಂದಾಗ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಅಕ್ಕವ್ವ ಅವನೆದುರು ಬಂದು ನಿಂತಳು.

"ಕಾಕಾ, ನಾ ತಿರಿಗಿ ಕಂಡಿಕಿ ಸುತ್ತತೇನ್ರಿ. ನೀವು ಒಬ್ಬರಽ ಉಣ್ಣೂದು ನೋಡಾಕ ಆಗವಲ್ದು."

"ನೀ ಎದ್ದರ ನಾ ಒಬ್ಬಾಂವ ಉಂಡದ್ದೆಲ್ಲಾ ದಂಡ ಆಕ್ಕೈತಿ ತಂಗಿ. ಹೋಗು, ಲಾಳಿ ಹಿಡಿ."

ಅವಳು ಹೋಗಿ ಲಾಳಿ ಹಿಡಿದಳು. ಮುಂದೆ ಇನ್ನಿಬ್ಬರು ಹೆಣ್ಣುಮಕ್ಕಳು ಕುಣಿಗಿಳಿದರು. ಗೋವಿಂದಪ್ಪನ ಕಣ್ಣು ಮಂಜಾಗತೊಡಗಿತು. ಅವನ ಮಗ್ಗದ ಹಾಸಿನಲ್ಲಿ ಎಳೆ ಕಡಿದಾಗಲೆಲ್ಲ ಅಕ್ಕವ್ವ ಮಾತಿಲ್ಲದೆ ಬಂದು ಗಂಟು ಹಾಕಿ ಹೋಗುತ್ತಿದ್ದಳು. ಮೊದಮೊದಲು ಅವನು ಮುಖ ತಿರುಗಿಸುತ್ತಿದ್ದ. ಆಮೇಲೆ ಎಳೆ ಕಡಿದರೆ ತಾನೇ ಅವಳ ಮಗ್ಗದತ್ತ ನೋಡುವುದು ರೂಢಿಯಾಯಿತು.

ಅರವತ್ತನಾಲ್ಕರಲ್ಲಿ ಒಂದು ಮಧ್ಯಾಹ್ನ ಅಕ್ಕವ್ವ ಬುತ್ತಿ ಹಿಡಿದು ಹಿತ್ತಲಿಗೆ ಹೊರಟಿದ್ದಳು. ಪಂಕ್ತಿಯಿಂದ ಗೋವಿಂದಪ್ಪನ ದನಿ ಬಂತು.

"ಇಲ್ಲಿ ಬಾರವಾ. ನೇಯಾವರು ಒಂದ ಕಡಿ ಉಣ್ಣೂದು ಪದ್ಧತಿ. ಅವರಿಬ್ಬರನ್ನೂ ಕರಿ."

ಗುರುಶಿದ್ದಪ್ಪನ ಎದೆ ತುಂಬಿ ಬಂತು. ಅವ್ವ ಇರಬೇಕಾಗಿತ್ತು ಅನ್ನಿಸಿತು. ಗೋಡೆಯ ಕಡೆಯಿಂದ ತಿರುಗಿ, ಬುತ್ತಿಯ ಅರಿವೆ ಮಡಚಿ ಹಿಡಿದು ಅರ್ಧ ಎದ್ದ. ಇನ್ನೇನು ತನ್ನ ಹೆಸರೂ ಬರುತ್ತದೆ ಎಂದು ಕಾದ.

ಗೋವಿಂದಪ್ಪ ಅವನತ್ತ ನೋಡಲಿಲ್ಲ. ಅಕ್ಕವ್ವನನ್ನು ಕರೆಯಲು ಒಂದಿಷ್ಟು ಸರಿದು ಕೂತರೆ ಸಾಕಿತ್ತು. ಮಾಸ್ತರನನ್ನು ಕರೆಯಬೇಕಾದರೆ ಇಷ್ಟು ವರ್ಷ ತಪ್ಪು ಮಾಡಿದೆವು ಎನ್ನಬೇಕಾಗುತ್ತಿತ್ತು, ಅದು ಯಾರ ಬಾಯಲ್ಲೂ ಬರಲಿಲ್ಲ.

ಅಕ್ಕವ್ವ ಕೂರದೆ ಮಾಸ್ತರನ ಕಡೆ ನೋಡುತ್ತ ನಿಂತಿದ್ದಳು. ಅವನು ಕೂತು ಉಣ್ಣು ಎಂದು ಕೈಸನ್ನೆ ಮಾಡಿದ. ಅವಳು ಕೂತಳು. ಗೋವಿಂದಪ್ಪ ಡಬ್ಬಿ ತೆರೆದು, ತಡವರಿಸುವ ಬೆರಳಲ್ಲಿ ರಂಜಕ ತೆಗೆದು ಮೊದಲು ಅವಳ ರೊಟ್ಟಿಗೆ ಹಚ್ಚಿದ.

ಗುರುಶಿದ್ದಪ್ಪ ಮತ್ತೆ ಕೂತು ಅರಿವೆ ಬಿಚ್ಚಿದ. ಅಂದು ಖಾರವಿಲ್ಲದ ರೊಟ್ಟಿಗೇ ಅವನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ನಗಲು ಹತ್ತಿರ ಯಾರೂ ಇರಲಿಲ್ಲ.