ಡೆಕ್ಕಿನ ಮೇಲಿನ ಕೆರೆ

ವಿಜಯಾ ಯಾವ ಪಾತ್ರೆಯನ್ನೂ ಸುಮ್ಮನೆ ನೋಡಿ ಬಿಡುವವಳಲ್ಲ. ಅದರೊಳಗಿನ ದ್ರವ ಎಷ್ಟು ಭಾರವಿದ್ದೀತು ಎಂದು ಅವಳ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿಬಿಡುತ್ತದೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಅಲ್ಲಿಯೇ ಕೆಲವು ವರ್ಷ ದುಡಿದು, ಈಗ ಆಕ್ಲೆಂಡಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿರುವ ಅವಳಿಗೆ ಈ ಅಭ್ಯಾಸವನ್ನು ಕಲಿಸಿದ್ದು ಕಸುಬು. ಸಿಸೇರಿಯನ್ ನಡೆಯುವಾಗ ತಾಯಿ ಎಷ್ಟು ರಕ್ತ ಕಳೆದುಕೊಂಡಳೆಂಬುದನ್ನು ಯಾರ ಕಣ್ಣೂ ಸರಿಯಾಗಿ ಹೇಳಲಾರದು. ಬಟ್ಟೆ ರಕ್ತವನ್ನು ಹೀರಿ ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಆದ್ದರಿಂದ ವಿಜಯಾ ನೆನೆದ ಬಟ್ಟೆಗಳನ್ನು ತೂಗುತ್ತಾಳೆ, ಒಣಬಟ್ಟೆಯ ತೂಕವನ್ನು ಕಳೆಯುತ್ತಾಳೆ, ಉಳಿದ ಗ್ರಾಮುಗಳನ್ನು ಮಿಲಿಲೀಟರುಗಳಾಗಿ ಓದಿ ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ. ರಕ್ತ ನೀರಿಗಿಂತ ತುಸು ಭಾರ. ಲೀಟರಿಗೆ ಅರವತ್ತು ಗ್ರಾಂ ಹೆಚ್ಚು. ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ, ತೂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಗಾತ್ರ. ಶಾಲೆಯಲ್ಲಿ ಎಲ್ಲರೂ ಕಲಿತು ಮರೆತ ಈ ಮಾತು ಅವಳಿಗೆ ಉಸಿರಾಟದಷ್ಟು ಸಹಜವಾಗಿತ್ತು.

ಮನೆಯಲ್ಲೂ ಅದೇ. ಎಣ್ಣೆಯ ಕ್ಯಾನನ್ನು ಎತ್ತಿದರೆ "ಲೀಟರ್ ಅಂತ ಬರದಾರ, ಕೆಜಿ ತುಂಬೂದಿಲ್ಲ" ಎನ್ನುವಳು. ಜೇನಿನ ಬಾಟಲಿ ಹಿಡಿದರೆ "ನೋಡು, ಇದು ನೀರಿನ ಒಂದೂವರಿ ಪಟ್ಟಿನ ಹತ್ರ" ಎನ್ನುವಳು. "ನಿನಗ ಚಹಾ ಕೊಟ್ರೂ ತೂಗಿ ಕುಡೀತಿ" ಎಂದು ಗಂಡ ಪ್ರಮೋದ್ ನಗುತ್ತಿದ್ದ. ಹಬ್ಬಗಳಲ್ಲಿ ಸೇರುವ ಕನ್ನಡದವರು ಅವಳಿಗೆ ತಕ್ಕಡಿ ಮೇಡಂ ಎಂಬ ಹೆಸರಿಟ್ಟಿದ್ದರು. ಅವಳೂ ನಗುತ್ತಿದ್ದಳು, ಆದರೆ ಎಣಿಕೆ ನಿಲ್ಲುತ್ತಿರಲಿಲ್ಲ.

ಆ ಭಾನುವಾರ ಆಕ್ಲೆಂಡಿನ ಹಿಲ್ಸ್‌ಬರೋ ಬಡಾವಣೆಯ ಧನಂಜಯನ ಮನೆಯಲ್ಲಿ ಗಣಪತಿ ವಿಸರ್ಜನೆಯಿತ್ತು. ಇಳಿಜಾರಿನಲ್ಲಿ ಕಟ್ಟಿದ ಮನೆ. ಹಿಂಬದಿಯ ಮರದ ಡೆಕ್ಕು ತೋಟದ ನೆಲದಿಂದ ಒಂದಾಳಿಗಿಂತ ಎತ್ತರದಲ್ಲಿ, ಕಂಬಗಳ ಮೇಲೆ ನಿಂತು ಕಡಲ ಕಡೆಗೆ ಚಾಚಿಕೊಂಡಿತ್ತು. ಹಿಂದಿನ ವರ್ಷ ಸಮುದ್ರಕ್ಕೆ ಬಿಟ್ಟ ಮೂರ್ತಿಯನ್ನು ಅಲೆಗಳು ಮತ್ತೆ ಮತ್ತೆ ದಡಕ್ಕೇ ತಂದು ಹಾಕಿದ್ದವು, ಮಕ್ಕಳು ಅತ್ತಿದ್ದರು. ಈ ಸಲ ಹಾಗಾಗಬಾರದೆಂದು ಧನಂಜಯ ಗಾಳಿ ತುಂಬಿದ ಅಂಚಿನ, ಮಕ್ಕಳು ಈಜಾಡುವಂಥ ದೊಡ್ಡ ದುಂಡನೆಯ ಪೂಲ್ ಒಂದನ್ನು ತಂದು ಡೆಕ್ಕಿನ ಕಟಕಟೆಯ ಬದಿಗೆ ಹರಡಿಸಿದ್ದ. ಅವನು ಸಾಫ್ಟ್‌ವೇರ್ ಕೆಲಸದವನು, ಯಾವುದನ್ನೂ ಪೂರ್ವಸಿದ್ಧತೆಯಿಲ್ಲದೆ ಮಾಡುವವನಲ್ಲ. ಮಣ್ಣಿನ ಗಣಪತಿಯನ್ನು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಕೂರಿಸಿ ನೋಡಿ, ಇಪ್ಪತ್ತು ಕೆಜಿ, ಇಬ್ಬರು ಹಿಡಿಯಬೇಕು ಎಂದು ಮೊದಲೇ ನಿರ್ಧರಿಸಿದ್ದ.

ವಿಜಯಾ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಸಂಜೆ ಬಿಸಿಲು ಹಳದಿಯಾಗಿತ್ತು. ಮಗಳು ನಿಧಿಯನ್ನು ಬೆಳಿಗ್ಗೆಯೇ ಇಲ್ಲಿ ಬಿಟ್ಟು ಹೋಗಿದ್ದಳು. ಡೆಕ್ಕಿನ ಮೇಲೆ ಮೂವತ್ತರ ಹತ್ತಿರ ಜನ. ರೇಷ್ಮೆಸೀರೆ, ಜುಬ್ಬ, ತಟ್ಟೆ, ಹಾಡು. ಪೂಲಿನ ಪಕ್ಕದ ಮಣೆಯ ಮೇಲೆ ಧನಂಜಯನ ತಂದೆ ವಿಶ್ವೇಶ್ವರ ಕುಳಿತು ಉತ್ತರಪೂಜೆ ಮಾಡುತ್ತಿದ್ದರು. ಮಗನ ಮನೆಯ ಹಬ್ಬಕ್ಕೆಂದೇ ಮೈಸೂರಿನಿಂದ ಬಂದವರು. ವಿಧಿಯಲ್ಲಿ ಒಂದು ಎಳೆ ತಪ್ಪಿದರೂ ಮೊದಲಿನಿಂದ ಆರಂಭಿಸುವ ಹಿರಿಯರೆಂದು ಹೆಸರಾದವರು. ಅವರೆದುರು, ಪೂಲಿಗೆ ತಾಗಿದಂತೆ, ಪುಟ್ಟ ಮೇಜಿನ ಮೇಲೆ ಗಣಪತಿ. ತೋಟದಿಂದ ಮೇಲೆ ಬಂದ ಪೈಪಿನಿಂದ ನೀರು ಇನ್ನೂ ಸುರಿಯುತ್ತಿತ್ತು.

ಗೋಡೆಗೆ ಒರಗಿಸಿಟ್ಟ, ಪೂಲಿನ ಖಾಲಿ ರಟ್ಟಿನ ಡಬ್ಬದ ಮೇಲೆ ಅವಳ ಕಣ್ಣು ಬಿತ್ತು. ಮೂರು ಸಾವಿರದ ಎಂಟುನೂರು ಲೀಟರ್ ಎಂದು ಅಚ್ಚಾಗಿತ್ತು.

ನೀರಿಗೆ ಗುಣಿಸುವ ಶ್ರಮವೂ ಇಲ್ಲ. ಮೂರು ಸಾವಿರದ ಎಂಟುನೂರು ಕೆಜಿ. ಅದರ ಮೇಲೆ ಈ ಜನ.

ಅವಳು ಪೂಲಿನತ್ತ ನೋಡಿದಳು. ಅದರ ಒಳಗೋಡೆಯ ಮೇಲೆ ಸುತ್ತಲೂ ಒಂದೇ ಎತ್ತರದಲ್ಲಿ ನೀಲಿ ಮೀನುಗಳ ಸಾಲು ಮುದ್ರಿತವಾಗಿತ್ತು. ಮನೆಯ ಬದಿಯ ಮೀನುಗಳು ನೀರಿನಿಂದ ನಾಲ್ಕು ಬೆರಳು ಮೇಲಿದ್ದವು. ಕಟಕಟೆಯ ಬದಿಯ ಮೀನುಗಳು ಮುಳುಗಿಹೋಗಿದ್ದವು. ನೀರು ಎಂದೂ ಓರೆಯಾಗಿ ನಿಲ್ಲುವುದಿಲ್ಲ. ಓರೆಯಾಗಿದ್ದುದು ಅದರ ಕೆಳಗಿನ ನೆಲ.

"ನಿಧಿ ಎಲ್ಲಿ?" ಎಂದು ಅವಳು ಧನಂಜಯನ ಹೆಂಡತಿ ರಮಾಳನ್ನು ಕೇಳಿದಳು.

"ಕೆಳಗಡೆ ಆಡ್ತಿದ್ದಾರೆ, ಎಲ್ಲ ಮಕ್ಕಳೂ. ಡೆಕ್ ಕೆಳಗೆ ನೆರಳಿದೆ ನೋಡಿ, ಅಲ್ಲೇ."

ವಿಜಯಾ ಓಡಲಿಲ್ಲ. ಪಕ್ಕದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು. ಕೆಳಗೆ ಐದಾರು ಮಕ್ಕಳು ಗಂಬೂಟು ಹಾಕಿಕೊಂಡು ಕೆಸರಿನಲ್ಲಿ ಒಡ್ಡು ಕಟ್ಟುತ್ತಿದ್ದರು. ವಾರವಿಡೀ ಸುರಿದ, ಇಲ್ಲಿ ಗಣೇಶನ ಹಬ್ಬದ ಹೊತ್ತಿಗೆ ಬರುವ ವಸಂತದ ಮಳೆಗೆ ನೆಲ ಹಿಟ್ಟಿನಂತಾಗಿತ್ತು. ಮೇಲಿನ ತೊಲೆಗಳು ತುಂಬಿದ ಜೋಲಿಯಂತೆ ನಡುವೆ ಬಾಗಿದ್ದವು. ಹೊರಬದಿಯ ಕಂಬವೊಂದು ಬುಡದಲ್ಲಿ ಕುಸಿದು, ಅದರ ತಲೆಗೂ ತೊಲೆಗೂ ನಡುವೆ ಬೆಳಕು ಕಾಣುವಷ್ಟು ಸಂದಿಯಾಗಿತ್ತು. ಎಲ್ಲಿಂದಲೋ ಸಣ್ಣಗೆ, ಹಲ್ಲು ಕಡಿದಂತೆ, ಒಂದು ಸದ್ದು ಬರುತ್ತಿತ್ತು.

ಅವಳು ಮೊದಲು ಪೈಪಿನ ನಲ್ಲಿಯನ್ನು ತಿರುಗಿಸಿ ನೀರು ನಿಲ್ಲಿಸಿದಳು.

"ನನ್ನ ಕಾರಿನ್ಯಾಗ ಚಕ್ಕುಲಿ ಡಬ್ಬಿ ಐತಿ. ಯಾರು ಮೊದಲು ಹೋಗ್ತಾರ ಅವರದು. ಕಾರಿನ ಹತ್ರನ ನಿಂದ್ರಬೇಕು, ನಾ ಬರೂತನ."

ಮಕ್ಕಳು ಕೂಗುತ್ತ ಓಡಿದರು. ನಿಧಿಯ ಒಂದು ಕಾಲು ಕೆಸರಿನಲ್ಲಿ ಹೂತಿತ್ತು. ತಾಯಿ ಅವಳ ಕಂಕುಳಿಗೆ ಕೈಹಾಕಿ ಎತ್ತಿದಳು. ಕಾಲು ಬಂತು, ಬೂಟು ಅಲ್ಲೇ ಉಳಿಯಿತು.

"ಮಾಮ್! ಮೈ ಗಂಬೂಟ್!"

"ಇರ್ಲಿ. ನಡಿ."

"ಬಟ್ ಮಾಮ್..."

"ನಿಧಿ." ಆ ದನಿಯನ್ನು ಮಗಳು ಹಿಂದೆಂದೂ ಕೇಳಿರಲಿಲ್ಲ. ಒಂಟಿಬೂಟಿನಲ್ಲಿ ಕುಂಟುತ್ತ ಹೋದಳು.

ಮೇಲಿನಿಂದ ಧನಂಜಯ ಕೂಗಿದ: "ಯಾರ್ರೀ ಅದು ನೀರು ನಿಲ್ಲಿಸಿದ್ದು? ಇನ್ನೂ ಸ್ವಲ್ಪ ತುಂಬ್ಬೇಕಿತ್ತು!"

ವಿಜಯಾ ಮೆಟ್ಟಿಲು ಹತ್ತಿ ಅವನ ತೋಳು ಹಿಡಿದು ಮೂಲೆಗೆ ಕರೆದಳು. "ಧನಂಜಯರ, ಎಲ್ಲಾರನ್ನೂ ಒಳಗ ಕಳಸ್ರಿ. ಈಗಿಂದೀಗ."

"ಯಾಕೆ ಮೇಡಂ, ಏನಾಯ್ತು?"

"ಭಾರ ಆಗೇತಿ. ಸುಮಾರು ನಾಕು ಟನ್ ಕೂಡಿಸೀರಿ ಇಲ್ಲಿ."

"ಟನ್ ಎಲ್ಲಿಂದ ಬಂತು? ಡಬ್ಬದ ಮೇಲೆ ಲೀಟರ್ ಅಂತಿದೆ. ನೀರು ಮೇಡಂ, ಕಬ್ಬಿಣ ಅಲ್ಲ."

"ನೀರಂದ್ರ ಒಂದು ಲೀಟರಿಗೆ ಒಂದು ಕೆಜಿನ ರೀ. ನಿಮ್ಮ ಯೂಟ್ ಗಾಡಿ, ಆ ಸಾಮಾನು ಹೇರೂ ಕಾರು, ಎಷ್ಟು ತೂಗತೈತಿ?"

"ಎರಡು ಟನ್ ಹತ್ರ."

"ಅಂಥಾವು ಎರಡು ತಂದು ಈ ಹಲಗಿ ಮ್ಯಾಲ ನಿಲ್ಲಸ್ತೀರೇನು?"

ಅವನು ನಗಲು ಬಾಯಿ ತೆರೆದ. ನಗು ಅರ್ಧಕ್ಕೆ ನಿಂತಿತು. "ಹೋದ ಕ್ರಿಸ್‌ಮಸ್‌ಗೆ ನಲವತ್ತು ಜನ ಇಲ್ಲೇ ಕುಣಿದಿದ್ರು. ಏನೂ ಆಗ್ಲಿಲ್ಲ."

"ಅವರು ಕುಣದು ಮನಿಗೆ ಹೋದ್ರು. ಇದು ಕುಂತೇತಿ. ಕೆಳಗಿನ ಕಂಬ ನೋಡೀರಿ?"

"ಹತ್ತೇ ನಿಮಿಷ ಮೇಡಂ. ಮಂಗಳಾರತಿ ಆಗೋದ್ರೆ ಮುಗೀತು. ಪೂಜೆ ಮಧ್ಯ ನಿಲ್ಲಿಸಿದ್ರೆ ಅಪ್ಪ ಮತ್ತೆ ಈ ಮನೆಗೆ ಕಾಲಿಡಲ್ಲ. ಎಲ್ಲರ ಮುಂದೆ ಹೇಳ್ಬೇಡಿ, ಪ್ಲೀಸ್."

ಎಲ್ಲರ ಮುಂದೆ ಹೇಳಬಾರದೆಂಬುದು ಅವಳಿಗೂ ಗೊತ್ತಿತ್ತು, ಬೇರೆ ಕಾರಣಕ್ಕೆ. ಡೆಕ್ಕು ಬೀಳುತ್ತದೆ ಎಂದು ಒಬ್ಬರು ಕೂಗಿದರೆ ಮೂವತ್ತು ಜನ ಒಟ್ಟಿಗೆ ಓಡುತ್ತಾರೆ. ಮೂವತ್ತು ಜನರ ಓಟವೇ ಅದನ್ನು ಬೀಳಿಸುತ್ತದೆ. ಥಿಯೇಟರಿನಲ್ಲಿ ರಕ್ತ ಹರಿಯುವಾಗ ಅವಳು ಕಲಿತದ್ದು ಒಂದೇ: ಸಂಖ್ಯೆ ದೊಡ್ಡದಾದಷ್ಟೂ ದನಿ ಸಣ್ಣದಾಗಬೇಕು.

ಹಲಗೆಗಳ ಕೆಳಗಿನಿಂದ ಆ ಸದ್ದು ಮತ್ತೊಮ್ಮೆ ಬಂತು. ಯಾರೂ ಹಾಡು ನಿಲ್ಲಿಸಲಿಲ್ಲ. ರಮಾ ಆರತಿತಟ್ಟೆಯಲ್ಲಿ ಆಗಷ್ಟೇ ಬತ್ತಿಗಳನ್ನು ಹಚ್ಚಿದ್ದಳು.

ವಿಜಯಾ ಹೋಗಿ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡಳು.

"ರಮಾ ಅವರ, ಮೊದಲು ಒಳಗ ದೇವರ ಮುಂದ ಬೆಳಗಬೇಕ್ರಿ. ಎಲ್ಲಾರೂ ಆರತಿ ಹಿಂದ ಒಳಗ ಹೋಗಿ, ಆಮ್ಯಾಲ ಹೊರಗ ಬಂದು ಗಣಪ್ಪನ್ನ ಕಳಸೂದು. ನಮ್ಮ ಕಡೆ ಪದ್ಧತಿ."

ಹಾಡು ತಡವರಿಸಿತು. "ಯಾವ ಕಡೆ ಪದ್ಧತಿ ವಿಜಯಾ ಇದು? ನಾನು ಕೇಳೇ ಇಲ್ಲ," ಎಂದಳು ರಮಾ. ಎಲ್ಲರ ದೃಷ್ಟಿಯೂ ಮಣೆಯ ಮೇಲಿದ್ದ ಹಿರಿಯರತ್ತ ಹೊರಳಿತು. ಅಂಥ ಪದ್ಧತಿ ಯಾವ ಕಡೆಯೂ ಇಲ್ಲವೆಂದು ಆ ಡೆಕ್ಕಿನ ಮೇಲೆ ಖಚಿತವಾಗಿ ತಿಳಿದಿದ್ದವರು ಅವರೊಬ್ಬರೇ.

ವಿಶ್ವೇಶ್ವರ ತಲೆಯೆತ್ತಿ ವಿಜಯಾಳ ಮುಖವನ್ನು ನೋಡಿದರು. ಅನಂತರ ಅವರ ನೋಟ ಎದುರಿಗಿದ್ದ ತಮ್ಮ ಪಂಚಪಾತ್ರೆಗೆ ಇಳಿಯಿತು. ಅಲ್ಲಿಯೂ ನೀರು ಒಂದು ಅಂಚಿಗೆ ಏರಿ, ಇನ್ನೊಂದು ಅಂಚಿನಿಂದ ಇಳಿದಿತ್ತು. ಎಷ್ಟು ಹೊತ್ತಿನಿಂದ ಅದನ್ನು ನೋಡುತ್ತಿದ್ದರೋ.

"ಉಂಟು," ಎಂದರು ಅವರು. "ಆ ಪದ್ಧತಿ ಉಂಟು. ಎಲ್ಲರೂ ಒಳಗೆ ಹೋಗಿ."

"ಅಪ್ಪಾ..." ಎಂದ ಧನಂಜಯ.

"ನೀನು ಮುಂದೆ ನಡಿ. ಮನೆ ಯಜಮಾನ ನೀನು."

"ದೀಪ ಆರಬಾರದು," ಎಂದಳು ವಿಜಯಾ, ತಟ್ಟೆಯನ್ನು ರಮಾಳಿಗೆ ಮರಳಿಸುತ್ತ. "ಸಾವಕಾಶ. ಒಬ್ಬರ ಹಿಂದ ಒಬ್ಬರು. ಯಾರೂ ದಬ್ಬಬ್ಯಾಡ್ರಿ."

ಕಡಲ ಗಾಳಿಗೆ ಬತ್ತಿಗಳು ಬಾಗುತ್ತಿದ್ದವು. ರಮಾ ಅಂಗೈ ಅಡ್ಡ ಹಿಡಿದು ಪುಟ್ಟ ಪುಟ್ಟ ಹೆಜ್ಜೆಯಿಟ್ಟಳು. ಅವಳ ಹಿಂದಿನವರೂ ಹಾಗೆಯೇ. ಒಂದೇ ಜಾರುಬಾಗಿಲು. ಅದರೊಳಗೆ ಸೀರೆಯ ನೆರಿಗೆಗಳು, ಮುದುಕಿಯ ಊರುಗೋಲು, ತೊಡೆಗೂಸನ್ನು ಹೊತ್ತ ತಂದೆ, ಫೋನು ಹಿಡಿದು ಹಿಮ್ಮುಖವಾಗಿ ನಡೆಯುತ್ತ ವೀಡಿಯೋ ತೆಗೆಯುವವನು, ಒಬ್ಬೊಬ್ಬರಾಗಿ, ಸಹಿಸಲಾಗದಷ್ಟು ನಿಧಾನವಾಗಿ ಸೇರಿಕೊಂಡರು. ಯಾರೋ "ಚಪ್ಪಲಿ ಬಿಟ್ಟು ಹೋಗ್ಬೇಕಾ?" ಎಂದು ನಿಂತರು. "ಹಾಕ್ಕೊಂಡ ಹೋಗ್ರಿ!" ಎಂದಳು ವಿಜಯಾ, ದನಿ ಮೊದಲ ಸಲ ಏರಿತ್ತು.

ಕೊನೆಗೆ ಉಳಿದವರು ವಿಶ್ವೇಶ್ವರ. ಮಂಡಿನೋವಿನಿಂದ ಮಣೆಯ ಮೇಲಿಂದ ಏಳಲಾಗದೆ ಕೈಯೂರಿ ಕುಳಿತೇ ಇದ್ದರು. ವಿಜಯಾ ಹಲಗೆಗಳ ಮೇಲೆ ಪಾದ ಜಾರಿಸುತ್ತ ಹಿಂದಿರುಗಿದಳು. ಪ್ರತಿ ಹೆಜ್ಜೆಗೂ ನೆಲ ಕಡಲ ಕಡೆಗೆ ಇಳಿಜಾರಾಗಿದ್ದುದು ಅಂಗಾಲಿಗೆ ತಿಳಿಯುತ್ತಿತ್ತು.

"ನನ್ನ ಬಿಡು ತಾಯಿ, ನಾನು ನಿಧಾನಕ್ಕೆ ಬರ್ತೀನಿ."

"ನಿಧಾನ ಅನ್ನೂದು ಮುಗೀತ್ರಿ ಅಂಕಲ್." ರೋಗಿಗಳನ್ನು ಎಬ್ಬಿಸುವ ರೀತಿಯಲ್ಲೇ ಅವಳು ಅವರ ಸೊಂಟಕ್ಕೆ ತೋಳು ಬಳಸಿ, ತನ್ನ ಮೊಣಕಾಲನ್ನು ಅವರದಕ್ಕೆ ಆನಿಸಿ ಎತ್ತಿದಳು. ಇಬ್ಬರೂ ಹೊಸ್ತಿಲು ದಾಟಿದರು. ವಿಜಯಾಳ ಹಿಂದಿನ ಕಾಲು ಆಗಷ್ಟೇ ಒಳಗೆ ಬಂದಿತ್ತು.

ಮರ ಮುರಿದ ಸದ್ದು ಹಾಡನ್ನು ಕತ್ತರಿಸಿತು. ಡೆಕ್ಕಿನ ಹೊರ ಅಂಚು ಒಂದೇ ಸಲಕ್ಕೆ ಮೊಳದಷ್ಟು ಕೆಳಗಿಳಿಯಿತು. ಪುಟ್ಟ ಮೇಜು ಬಾಗಿತು, ಗಣಪತಿ ಅದರ ಮೇಲಿಂದ ಜಾರಿ, ಯಾರ ಕೈಯ ನೆರವೂ ಇಲ್ಲದೆ ನೀರಿಗಿಳಿದ. ಧನಂಜಯ "ಅಯ್ಯೋ!" ಎಂದು ಬಾಗಿಲಿಗೆ ನುಗ್ಗಿದ, ವಿಜಯಾ ಎರಡೂ ಕೈ ಚಾಚಿ ಚೌಕಟ್ಟನ್ನು ಹಿಡಿದು ನಿಂತಳು. ಮರುಕ್ಷಣ ಪೂಲಿನ ಮೆತ್ತನೆಯ ಗೋಡೆ ಕಟಕಟೆಯ ಬದಿಗೆ ಮಡಚಿಕೊಂಡಿತು. ನೀರೆಲ್ಲ ಒಂದೇ ಹಾಳೆಯಾಗಿ ಕಂಬಿಗಳನ್ನು ಕಿತ್ತುಕೊಂಡು ಕೆಳಗಿನ ತೋಟಕ್ಕೆ ಧುಮುಕಿತು. ಭಾರ ಇಳಿದ ಡೆಕ್ಕು ನರಳುತ್ತ ಒಂದಿಷ್ಟು ಮೇಲೆದ್ದು, ಓರೆಯಾಗಿಯೇ ನಿಂತುಕೊಂಡಿತು.

ಕಾರಿನ ಕಡೆಯಿಂದ ಮಕ್ಕಳ ಜಗಳ ಕೇಳಿಸುತ್ತಿತ್ತು, ಚಕ್ಕುಲಿಗಾಗಿ. ರಮಾ ತಟ್ಟೆ ಹಿಡಿದೇ ನೆಲಕ್ಕೆ ಕುಸಿದು ಕುಳಿತು ಅಳತೊಡಗಿದಳು.

ಧನಂಜಯ ಹೊಸ್ತಿಲಲ್ಲಿ ನಿಂತು ಓರೆಯಾದ ಡೆಕ್ಕನ್ನು ನೋಡಿದ. ಆಮೇಲೆ, ಯಾರಿಗೂ ಅಲ್ಲದಂತೆ, "ಗಣಪತೀನ ಮಾತ್ರ ತೂಗಿದ್ದೆ," ಎಂದ.

ವಿಶ್ವೇಶ್ವರ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ವಿಜಯಾಳನ್ನು ಹತ್ತಿರ ಕರೆದರು. "ಅಲ್ಲಮ್ಮ, ಯಾವ ಊರಿನ ಪದ್ಧತಿ ಅದು? ಹುಬ್ಬಳ್ಳೀದಾ?"

"ಇಲ್ರಿ ಅಂಕಲ್. ಹಿಲ್ಸ್‌ಬರೋದ್ದು."

"ಹಾಗೋ. ಹಾಗಾದ್ರೆ ಮುಂದಿನ ವರ್ಷವೂ ತಪ್ಪಿಸೋ ಹಾಗಿಲ್ಲ," ಎಂದರು ಅವರು.

ಎಲ್ಲರೂ ಮುಂಬಾಗಿಲಿನಿಂದ ಇಳಿದು ಹೋದ ಮೇಲೆ ವಿಜಯಾ ಮನೆಯ ಪಕ್ಕದಿಂದ ಹಾದು ತೋಟಕ್ಕೆ ಬಂದಳು. ಡೆಕ್ಕಿನ ಕೆಳಗೆ ಹೋಗುವ ಧೈರ್ಯವಾಗಲಿಲ್ಲ; ಹೋಗಬೇಕಾಗಿಯೂ ಬರಲಿಲ್ಲ. ಮಕ್ಕಳು ಕಟ್ಟಿದ್ದ ಒಡ್ಡಿನ ಗುರುತೇ ಇರಲಿಲ್ಲ. ಅದಿದ್ದಲ್ಲಿ ಮುರಿದ ಕಂಬಿಗಳೂ ತೊಲೆಯ ತುಂಡೊಂದೂ ಬಿದ್ದಿದ್ದವು. ನಿಧಿಯ ಬೂಟನ್ನು ನೀರು ಕಿತ್ತು ತಂದು ಹುಲ್ಲಿನ ಮೇಲೆ ನಿಲ್ಲಿಸಿತ್ತು, ಬಾಯಿವರೆಗೆ ತುಂಬಿಸಿ.

ಅವಳು ಅದನ್ನು ಎತ್ತಿದಳು. ಎರಡು ಲೀಟರ್ ಹಿಡಿಯುವ ಬೂಟು. ಬೂಟಿನ ತೂಕ ಕಳೆದರೂ ಎರಡು ಕೆಜಿಗಿಂತ ಸಾಕಷ್ಟು ಹೆಚ್ಚಿತ್ತು. ಮಣಿಕಟ್ಟು ಅಷ್ಟನ್ನು ತಪ್ಪದೆ ಹೇಳಿತು. ಒಳಗೆ ಕೈಯಾಡಿಸಿದಾಗ ನೀರಿನಡಿಯಲ್ಲಿ ನುಣ್ಣನೆಯ ಜೇಡಿಮಣ್ಣು ಬೆರಳಿಗೆ ಹತ್ತಿತು, ಅದರ ಮೇಲೆ ಚಿನ್ನದ ಬಣ್ಣದ ಒಂದು ಚೂರು, ಗಣಪತಿಯ ಕಿರೀಟದ್ದು. ಬೂಟನ್ನು ಅಲ್ಲೇ ಬೋರಲು ಹಾಕಹೋದವಳು ತಡೆದಳು. ಎರಡೂ ಕೈಯಲ್ಲಿ ಹಿಡಿದು ಬೇಲಿಯ ಬಳಿಯ ನಿಂಬೆಗಿಡದವರೆಗೆ ಒಯ್ದು, ಅದರ ಬುಡಕ್ಕೆ ನಿಧಾನವಾಗಿ ಬಗ್ಗಿಸಿದಳು.