ನೀರು ಮಾತ್ರ ಎಂದಿದ್ದರು

ಮೊದಲು ಕಂಡದ್ದು ಕಮೋಡಿನಲ್ಲಿ, ಮಗಳು ಎದ್ದ ಮೇಲೆ. ಕೆಂಪು. ಬೀಟ್‌ರೂಟ್ ತಿಂದಿರಬೇಕು ಎಂದುಕೊಂಡೆ. ಮನೆಗೆ ಬೀಟ್‌ರೂಟ್ ತಂದು ತಿಂಗಳಾಗಿತ್ತು.

ಅವಳಿಗೆ ಆರು ವರ್ಷ. ನೋವಿಲ್ಲ, ಜ್ವರವಿಲ್ಲ, ಕುಣಿತಕ್ಕೇನೂ ಕಮ್ಮಿಯಿಲ್ಲ. ರಕ್ತ ಮಾತ್ರ ಆಗಾಗ ಬರುತ್ತಲೇ ಇತ್ತು. ಜಯನಗರದ ಡಾಕ್ಟರು, "ಕೊಲೊನೋಸ್ಕೋಪಿ ಮಾಡಿ, ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡ್ಬಿಡೋಣ. ಅನಸ್ತೀಶಿಯ ಕೊಡ್ತೀವಿ, ಮಗುಗೆ ಏನೂ ಗೊತ್ತಾಗಲ್ಲ" ಎಂದರು.

ಗೊತ್ತಾಗುವುದೆಲ್ಲ ನನಗೇ.

ಹಿಂದಿನ ದಿನ ಗಟ್ಟಿ ಆಹಾರ ಬಂದ್. ಎಳನೀರು, ಸೋಸಿದ ಜ್ಯೂಸ್, ಜೊತೆಗೆ ಹೊಟ್ಟೆ ತೊಳೆಯುವ ಔಷಧಿ, ಗ್ಲಾಸಿನ ಮೇಲೆ ಗ್ಲಾಸು. ಅವಳು ಅತ್ತಳು. ನಾನು ಗದರಿದೆ. ಆಮೇಲೆ ಅಡುಗೆಮನೆಗೆ ಹೋಗಿ ನಾನೂ ಅತ್ತೆ. ಇದನ್ನೆಲ್ಲ ನೋಡಲಾರದೆ ನಮ್ಮಪ್ಪ, ಎಳನೀರು ಕುಡಿಸಿಕೊಂಡು ಬರುತ್ತೇನೆಂದು ಮೊಮ್ಮಗಳನ್ನು ಯಡಿಯೂರು ಕೆರೆ ಕಡೆ ಕರೆದುಕೊಂಡು ಹೋದರು. ವಾಪಸ್ ಬಂದಾಗ ಅವಳ ಮುಖ ಅರಳಿತ್ತು. ನನಗೆ ಅನುಮಾನ ಬಂತು.

"ಅಪ್ಪಾ, ಏನ್ ತಿನ್ಸಿದ್ರಿ?"

"ಏನೂ ಇಲ್ವಲ್ಲಮ್ಮ. ಎಳನೀರೇ. ಕಾಯೊಳಗಿನ ಗಂಜಿ ತೆಳ್ಳಗಿತ್ತು, ಕೆರೆಸಿ ಕೊಟ್ಟೆ. ಅದೂ ಎಳನೀರೇ ತಾನೆ?"

ಎರಡು ಕಾಯಿಯ ಗಂಜಿ.

ಎಳನೀರು ಕುಡಿದು, ಕಾಯಿ ಒಡೆಸಿ ಒಳಗಿನ ಗಂಜಿ ತಿನ್ನದೆ ಬರುವುದು ನಮ್ಮಪ್ಪನ ಕೈಲಿ ಈ ಜನ್ಮಕ್ಕೆ ಆಗದ ಕೆಲಸ. ಬಾಯಿಗೆ ಬಂದಂತೆ ಬೈದೆ. ಆಸ್ಪತ್ರೆಗೆ ಫೋನ್ ಮಾಡಿದರೆ ನರ್ಸ್, "ಔಷಧಿ ಪೂರ್ತಿ ಕುಡಿಸಿ ಮೇಡಂ, ನೀರಿನ ಹಾಗೆ ಹೋಗ್ಬೇಕು. ಕ್ಲಿಯರ್ ಆಗ್ಲಿಲ್ಲ ಅಂದ್ರೆ ಇನ್ನೊಂದು ದಿನ ಮೊದಲಿಂದ ಮಾಡ್ಬೇಕಾಗತ್ತೆ" ಎಂದರು. ಇಂಥ ದಿನ ಇನ್ನೊಂದೇ! ಸಂಜೆಯಿಡೀ ಅವಳು ಓಡುವುದು, ನಾನು ಇಣುಕುವುದು. ಅಪ್ಪ ಊಟಕ್ಕೂ ಬರಲಿಲ್ಲ.

ಬೆಳಗ್ಗೆ ನೀರಿನ ಹಾಗೇ ಹೋಯಿತು. ಆಸ್ಪತ್ರೆಯಲ್ಲಿ ಮಾಸ್ಕ್ ಇಟ್ಟು ನಿದ್ದೆ ಬರುವವರೆಗೆ ಕೈ ಹಿಡಿದುಕೊಳ್ಳಲು ಬಿಟ್ಟರು, ಆಮೇಲೆ ಹೊರಗೆ ಕಳಿಸಿದರು. ಮುಕ್ಕಾಲು ಗಂಟೆ. ಅಪ್ಪನ ಪಕ್ಕದಲ್ಲೇ ಕೂತಿದ್ದೆ. ಬೈದದ್ದಕ್ಕೆ ಕ್ಷಮೆ ಕೇಳಬೇಕೆನಿಸಿತು, ಕೇಳಲಿಲ್ಲ.

"ಒಂದು ಪಾಲಿಪ್ ಇತ್ತು, ಚಿಕ್ಕ ಗಂಟು. ತೆಗ್ದಿದೀವಿ. ಬಯಾಪ್ಸಿಗೆ ಕಳಿಸ್ತೀವಿ" ಎಂದರು ಡಾಕ್ಟರು.

ಬಯಾಪ್ಸಿ.

ಅಪ್ಪ ನನ್ನ ಕೈ ಹಿಡಿದುಕೊಂಡರು. ಐದು ದಿನ ಮನೆಯಲ್ಲಿ ಯಾರೂ ಕೂತಲ್ಲಿ ಕೂರಲಿಲ್ಲ. ರಿಪೋರ್ಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮತ್ತೆ ರಕ್ತ ಕಂಡರೆ ಬನ್ನಿ ಎಂದು ಕಳಿಸಿದರು.

ಬೆಳಗಾದರೆ ಈಗಲೂ ಬಾತ್‌ರೂಮಿನ ಬಾಗಿಲಲ್ಲಿ ನಿಲ್ಲುತ್ತೇನೆ. ಮೊನ್ನೆ ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು.

"ಅಮ್ಮ, ನಾನೇ ನೋಡ್ದೆ. ಏನಿಲ್ಲ. ನೀನು ಹೋಗಿ ಕಾಫಿ ಕುಡಿ."

ಹೋಗಿ ಕುಡಿದೆ. ನಿಂತುಕೊಂಡೇ.