ಕಣ್ಣಿನ ಶಿಬಿರದ ಸಹಿಗಳು

ಬಸಮ್ಮಕ್ಕ ಆ ಪತ್ರಕ್ಕೆ ಸಹಿ ಹಾಕಿರಲಿಲ್ಲ. ಅವರ ಸಹಿಯನ್ನು ಕದ್ದು ಪತ್ರಕ್ಕೆ ಸೇರಿಸಿದವನು ನಾನು. ಅಬ್ಬಾ — ಇಷ್ಟು ಬರೆದದ್ದಕ್ಕೇ ಉಸಿರು ಸರಾಗವಾಯಿತು.

ಆಗ ನಾನು ಸಂಡೂರು ಕಡೆಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಜನಸಂಪರ್ಕ ಅಧಿಕಾರಿ. ಕಾರ್ಖಾನೆಗಳು ಇಂಗಾಲದ ಹೊಗೆಯನ್ನು ವರ್ಷವರ್ಷ ತಗ್ಗಿಸಬೇಕೆಂಬ ಕರಡು ನಿಯಮ ಬಂದಿತ್ತು. ಕಂಪನಿ ವಾರ್ಷಿಕ ವರದಿಯಲ್ಲಿ ಅದನ್ನು ಸ್ವಾಗತಿಸಿತು. ಒಳಗೊಳಗೇ ತಡೆಯಲು ಓಡಾಡಿತು. ಸ್ವಾಗತದ ಸಾಲು ಬರೆದವನೂ ನಾನೇ, 'ಈ ನಿಯಮ ನಮಗೆ ಬೇಡ' ಎಂದು ಊರವರ ಹೆಸರಿನಲ್ಲಿ ಸರ್ಕಾರಕ್ಕೆ ಪತ್ರ ಬರೆದವನೂ ನಾನೇ. ನಾಚಿಕೆಯೇನೂ ಆಗಲಿಲ್ಲ — ಎರಡೂ ಚೆನ್ನಾಗಿ ಬಂದಿವೆ ಎಂದು ಬೀಗಿದ್ದೆ.

ಸಹಿಗಳು ಬೇಕಿದ್ದವು. ಕುರೆಕುಪ್ಪದಲ್ಲಿ ನಾವು ನಡೆಸಿದ್ದ ಕಣ್ಣಿನ ತಪಾಸಣೆ ಶಿಬಿರದ ಹಾಜರಿ ಹಾಳೆಗಳು ನನ್ನ ಬೀರುವಿನಲ್ಲಿದ್ದವು. ಮೇಲಿದ್ದ ಶಿಬಿರದ ಹೆಸರನ್ನು ಕತ್ತರಿಸಿ, ಪತ್ರದ ಹಿಂದೆ ಪಿನ್ ಹಾಕಿದೆ. ಮೊದಲ ಹೆಸರೇ ಬಸಮ್ಮಕ್ಕನದು. ಕಂಡಿತ್ತು — ಕಂಡೂ ನಾನು...

ಖಾನಾವಳಿ ನಡೆಸುತ್ತಲೇ ಹೊಗೆಯ ವಿರುದ್ಧ ಊರನ್ನು ಕೂಡಿಸಿದ ಹೆಂಗಸು ಅವರು. ಪತ್ರದ ಪ್ರತಿ ಹೊರಬಿದ್ದ ಮೇಲೆ, ಬಸಮ್ಮ ಕಂಪನಿಗೆ ತನ್ನನ್ನು ಮಾರಿಕೊಂಡಳು ಎಂದು ಊರವರು ಆಡಿಕೊಂಡರು. ಜನ ಅತ್ತ ಊಟಕ್ಕೆ ಹೋಗುವುದನ್ನೇ ಬಿಟ್ಟರು. ನಾನು ಮಾತ್ರ ಮಾನಗೆಟ್ಟವನ ಹಾಗೆ ದಿನವೂ ಅಲ್ಲೇ ರೊಟ್ಟಿ ತಿಂದೆ. ಒಂದು ದಿನ ಅವರೇ ಹತ್ತಿರ ಬಂದು ಕೇಳಿದರು: "ಸಾಹೇಬ್ರ, ನಾನೇನರ ಸಹಿ ಹಾಕಿ ಮರತೀನೇನ್ರಿ?"

"ಹಾಕಿರಬೇಕು ಬಿಡ್ರಿ, ಅಕ್ಕಾ."

ಆ ಕಳವಿಗಿಂತ ಈ ಮಾತು ಕೆಟ್ಟದ್ದು. ಈಗ ಗೊತ್ತಾಗುತ್ತಿದೆ.

ಹವಾಮಾನ ನೀತಿಯ ಬಗ್ಗೆ ಕಂಪನಿ ಸರ್ಕಾರಕ್ಕೆ ಬರೆದದ್ದನ್ನೆಲ್ಲ ಬಯಲು ಮಾಡಿ ಎಂದು ಈಚೆಗೆ ಷೇರುದಾರರು ಪಟ್ಟು ಹಿಡಿದರು. ನಿವೃತ್ತನಾದ ನನ್ನನ್ನೂ ವಿಚಾರಿಸಿದರು. ನೆನಪಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ಎಲ್ಲವನ್ನೂ ಬರೆದುಕೊಟ್ಟೆ. ಅದರ ಪ್ರತಿ ಹಿಡಿದು ನಿನ್ನೆ ಮಧ್ಯಾಹ್ನ ಖಾನಾವಳಿಗೆ ಹೋಗಿ, ಉಣ್ಣುತ್ತಿದ್ದವರ ಎದುರೇ ಓದಿದೆ. ಧ್ವನಿ ಮೇಲೇಳಲಿಲ್ಲ, ಎದೆ ಮಾತ್ರ ಹಗುರಾಗುತ್ತಿತ್ತು.

ಬಸಮ್ಮಕ್ಕ ಬೈಯಲಿಲ್ಲ. ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

"ಹಂಗಾರ ನನ್ನ ತಲಿ ನೆಟ್ಟಗೈತಿ. ಇಷ್ಟು ವರ್ಷ ಮರವು ಹತ್ತೈತಂತ ಹೆದರಿ ಸತ್ತೆ."

ನಾನು ಹಾಳೆ ಮಡಚತೊಡಗಿದೆ. ಅವರು ಕಣ್ಣು ಬಿಟ್ಟು ಹೇಳಿದರು:

"ಇನ್ನೊಮ್ಮೆ ಓದ್ರಿ. ಹಿಂದ ಕುಂತೋರಿಗೆ ಕೇಳ್ಸಿಲ್ಲ."